ಕರೆದಲ್ಲಿಗೆಲ್ಲ ಹೋದ ಚಿಕ್ಕಮ್ಮನ ಸ್ಕೋರು

ಅಂಕಮಿತ್ರ ಆ್ಯಪಿನ ಮಾನ್ಯ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಪೆರಿಕಲ್ಲೂರಿನ ದೋಣಿ ಕಡವಿನ ಬಳಿಯಿಂದ ಶ್ರೀಜ ಮಾಡುವ ನಮಸ್ಕಾರಗಳು. ಹಡೆದ ತಾಯಿಯೂ ಕೇಳದಷ್ಟು ಸಲ ನಮ್ಮ ಶೋಭ ಚಿಕ್ಕಮ್ಮನ ಕ್ಷೇಮ ವಿಚಾರಿಸುವ, ಅವರ ಕ್ರೆಡಿಟ್ ಸ್ಕೋರನ್ನು ಹಗಲಿರುಳು ಕಾಯುವ ತಮಗೆ ಈವರೆಗೆ ಕೃತಜ್ಞತೆಯ ಒಂದು ಸಾಲನ್ನೂ ಬರೆಯದಿದ್ದುದಕ್ಕೆ ಕ್ಷಮೆಯಿರಲಿ. ಎದುರು ನಿಂತು ಮಾತನಾಡಲು ನನಗೆ ಬಾಯಿ ಬರುವುದಿಲ್ಲ. ತಮ್ಮ ಸಹಾಯವಾಣಿಯಲ್ಲಂತೂ ಎದುರಿಗೆ ಯಾರೂ ಬರುವುದಿಲ್ಲ. ಆದ್ದರಿಂದ ಈ ಪತ್ರ.

ಚಿಕ್ಕಮ್ಮ ದೋಸೆ ಹಿಟ್ಟು ರುಬ್ಬಿ ಮಾರುತ್ತಾರೆ. ಕಡವಿನ ಅಂಗಡಿಗಳಿಗೂ, ದೋಣಿಯೇರಿ ಹೊಳೆಯಾಚೆಯ ಬೈರಕುಪ್ಪೆಗೂ ಅವರ ಹಿಟ್ಟು ಹೋಗುತ್ತದೆ. ಪುಲ್ಪಳ್ಳಿಯಲ್ಲಿ ಹೊಸ ಹೋಟೆಲು ತೆರೆಯುತ್ತಿದ್ದ ಸನೀಶ್, ಓಣಂ ಒಳಗೆ ದೊಡ್ಡ ಗ್ರೈಂಡರ್ ತಂದರೆ ದಿನದ ಹಿಟ್ಟೆಲ್ಲ ನಿಮ್ಮಿಂದಲೇ ಎಂದಿದ್ದರು. ಗ್ರೈಂಡರಿಗೆ ಸಾಲ ಕೊಡಲು ಊರಿನ ಬ್ಯಾಂಕು ಹೆಚ್ಚುಕಡಿಮೆ ಒಪ್ಪಿತ್ತು. ಸ್ಕೋರು ಎಷ್ಟಿದೆಯೆಂದು ನೋಡಲು ಚಿಕ್ಕಮ್ಮ ಫೋನಿಗೆ ತಮ್ಮ ಅಂಕಮಿತ್ರವನ್ನು ಹಾಕಿಸಿಕೊಂಡರು.

ಅಂದಿನಿಂದ ತಮ್ಮ ಔದಾರ್ಯದ ಕಟ್ಟೆ ಒಡೆಯಿತು. ‘ಅಭಿನಂದನೆಗಳು ಶೋಭ ಅವರೇ, ನಿಮಗಾಗಿಯೇ ಎರಡು ಲಕ್ಷ ಮಂಜೂರಾಗಿದೆ, ಬನ್ನಿ’ ಎಂದು ಬೆಳಗ್ಗೆ ಒಬ್ಬ ಸಾಲದಾತನ ಪರವಾಗಿ, ಸಂಜೆ ಇನ್ನೊಬ್ಬನ ಪರವಾಗಿ ಕರೆಯೋಲೆ ಕಳುಹಿಸಿದಿರಿ. ನಮ್ಮ ಕಡೆ ಹೆಸರು ಹಿಡಿದು ಕರೆದರೆ, ಮದುವೆಗಾಗಲಿ ತಿಥಿಗಾಗಲಿ, ಮನೆಯಿಂದ ಒಬ್ಬರಾದರೂ ಹೋಗಬೇಕು. ಹೋಗದಿದ್ದರೆ ಕರೆದವರಿಗೆ ಅವಮಾನ. ಫೋನಿನ ಕರೆಗೆ ಆ ರೂಢಿ ಸಲ್ಲದೆಂದು ನಾನು ಹೇಳಿದ್ದಕ್ಕೆ, ‘ಹೆಸರು ಹಿಡಿದು ಕರೀತಾವ್ರೆ ಮೋಳೇ, ಉಣ್ಣೋದು ಬೇಡ, ಮುಖ ತೋರಿಸಿ ಬರೋಕೇನು? ನಿನ್ನ ಹಾಗೆ ಕದದ ಹಿಂದೆ ನಿಂತ್ರೆ ಆಯ್ತದಾ?’ ಎಂದು ನನ್ನನ್ನೇ ಗದರಿದರು. ಹೀಗೆ ಅವರು ಕರೆದ ಕಡೆಗೆಲ್ಲ ಹೋಗಿ, ‘ಈಗಲೇ ಪಡೆಯಿರಿ’ ಎಂಬ ಬಾಗಿಲು ತಟ್ಟಿ, ಕೇಳಿದ ಓಟಿಪಿಯನ್ನು ಮುಯ್ಯಿಯಂತೆ ಕೊಟ್ಟು ಬಂದರು. ಮಂಜೂರಾಗಿದ್ದ ಹಣವನ್ನು ಒಬ್ಬರೂ ಕೊಡಲಿಲ್ಲ. ‘ಸದ್ಯಕ್ಕೆ ಅರ್ಹತೆಯಿಲ್ಲ’ ಎಂದು ಎಲ್ಲರೂ ಹಾಕಿದ ಎಲೆಯನ್ನು ಎತ್ತಿಕೊಂಡರು.

ಹೋದ ಒಂದೊಂದು ಕಡೆಯೂ ಸಾಲದ ಅರ್ಜಿಯೆಂದು ದಾಖಲಾಗಿ ಸ್ಕೋರು ಇಳಿಯಿತು. ಕರೆದವರು ತಾವು, ಹೋದದ್ದಕ್ಕೆ ಸ್ಕೋರು ಇಳಿದಾಗ ಮರುಗಿದವರು ತಾವು, ಏಕೆ ಇಳಿಯಿತೆಂದು ತಿಳಿಯಲು ತಿಂಗಳಿಗೆ ತೊಂಬತ್ತೊಂಬತ್ತು ರೂಪಾಯಿ ಕಟ್ಟಿರೆಂದವರೂ ತಾವು. ಹೊಳೆಗೆ ತಳ್ಳಿ, ಒದ್ದೆಯಾಗಿದ್ದೀರೆಂದು ಇಷ್ಟು ಬೇಗ ತಿಳಿಸುವ ಸೇವೆ ಕಬಿನಿಯ ತೀರದಲ್ಲಿ ಹಿಂದೆಂದೂ ಇರಲಿಲ್ಲ. ಬ್ಯಾಂಕಿನ ಕರುಣಾಕರನ್ ಸಾರ್ ಪರದೆ ನೋಡಿ, ‘ಇಷ್ಟು ಕಡೆ ಕೈ ಚಾಚಿದ್ದೀರಲ್ಲ ಚೇಚಿ, ಆರು ತಿಂಗಳು ಕಳೀಲಿ’ ಎಂದರು. ಕರೆಯದೆ ಯಾರ ಮನೆಗೂ ಹೋಗದ ಚಿಕ್ಕಮ್ಮ ಗ್ರೈಂಡರಿನ ಅರ್ಜಿಯನ್ನು ಮಡಚಿಕೊಂಡು ಮನೆಗೆ ಬಂದರು. ಓಣಂ ಬಂತು, ಸನೀಶ್ ಹೋಟೆಲಿನ ಹಿಟ್ಟು ಬೇರೆಯವರ ಪಾಲಾಯಿತು.

ಆದ್ದರಿಂದ ಒಂದು ವಿನಂತಿ. ತಾವು ಹೇಗೂ ಕಣ್ಣು ಮುಚ್ಚದವರಾದ್ದರಿಂದ, ಚಿಕ್ಕಮ್ಮನ ಹಿಟ್ಟು ಉಕ್ಕಿ ಚೆಲ್ಲದಂತೆ ಪಾತ್ರೆಗಳ ಮೇಲೂ ನಿಗಾ ಇಡಬೇಕು. ಚೆಲ್ಲಿದ ಮೇಲೆ ತಿಳಿಸುವುದು ತಮ್ಮ ಪದ್ಧತಿಯಾದರೂ ಈ ಒಂದು ವಿಷಯದಲ್ಲಿ ಮೊದಲೇ ತಿಳಿಸುವ ಕೃಪೆ ಮಾಡಬೇಕು. ಅಲ್ಲದೆ, ಕರೆದಲ್ಲಿಗೆ ಬಂದವರ ಮನೆಗೆ ಮರಳಿ ಹೋಗುವುದೂ ನಮ್ಮ ರೂಢಿ. ಚಿಕ್ಕಮ್ಮ ತಮ್ಮಲ್ಲಿಗೆ ಬಂದಾಯಿತು. ಈಗ ತಮ್ಮ ಸರದಿ. ಆ ಸಾಲದಾತರನ್ನೆಲ್ಲ ಕರೆದುಕೊಂಡು ಬನ್ನಿ. ತಮಗೆಲ್ಲ ದೋಸೆ ಮಂಜೂರಾಗಿದೆ. ಕೈ ತೊಳೆದು ಎಲೆಯ ಮುಂದೆ ಕುಳಿತ ಮೇಲೆ ಅರ್ಹತೆ ನೋಡುತ್ತೇವೆ.

ವಿಶ್ವಾಸ ಉಳಿದಿರುವಷ್ಟು ದಿನ,
ತಮ್ಮ ವಿಶ್ವಾಸಿ,
ಶ್ರೀಜ

ಮರೆತ ಮಾತು: ಈ ಪತ್ರವನ್ನು ತೆರೆದ ಕ್ಷಣವೇ ನಮ್ಮಲ್ಲಿ ತಮ್ಮ ಮರ್ಯಾದೆಯ ಸ್ಕೋರು ಇಳಿದಿದೆ. ಏಕೆಂದು ತಿಳಿಯಲು ತಿಂಗಳಿಗೆ ತೊಂಬತ್ತೊಂಬತ್ತು ರೂಪಾಯಿ. ಚಿಕ್ಕಮ್ಮನ ಗ್ರೈಂಡರಿನ ಡಬ್ಬಿಗೆ ಹಾಕಬಹುದು.