ಗೇಟ ಬೇಕಂದವರ ಊರಾಗ ಗೇಟ ಕಟ್ಟಿದ್ದು

ನಾ ಕೆಲಸಕ್ಕ ಹೋದಲ್ಲೆಲ್ಲಾ ಏನರ ಒಂದು ಆಗೇ ಆಗತೈತಿ. ಮನಿಗೆ ಬಂದು ಹೇಳಿದ್ರ ಎಲ್ಲಾರೂ ಹೊಟ್ಟಿ ಹಿಡಕೊಂಡು ನಗತಾರ. ಅನುಭವಿಸಿದಾವ ನಾನು, ನನಗಿನ್ನೂ ಸಿಟ್ಟು ಇಳದಿಲ್ಲ.

ನಾನು ಹಾನಗಲ್ಲಿನಾವ, ರೈಲ್ವೆ ಗುತ್ತಿಗೆದಾರನ ಕೈಯಾಗ ಮಿಸ್ತ್ರಿ. ಸವಣೂರ ಕಡೆ ಒಂದು ಊರಾಗ ಹಳಿ ಕೆಳಗಿನ ಸೇತುವಿ ಮಳಿ ಬಂತಂದ್ರ ಕೆರಿ ಆಗತಿತ್ತು. ಬಸುರಿ ಹೆಣ್ಣಮಗಳನ್ನ ದವಾಖಾನಿಗೆ ಒಯ್ಯೂದಿದ್ರೂ ಊರೆಲ್ಲಾ ಸುತ್ತು ಹೊಡೀಬೇಕು. ವರ್ಷಾನಗಟ್ಟಲೆ ಅರ್ಜಿ ಕೊಟ್ಟು, ಹಳಿ ಮ್ಯಾಲ ಕುಂತು, ಅಂತೂ ಇಂತೂ ಹಳಿ ದಾಟಾಕ ಒಂದು ಗೇಟ ಮಂಜೂರು ಮಾಡಿಸ್ಕೊಂಡಿದ್ರು. ಕೆಲಸ ಮುಗದ ಮ್ಯಾಲ ದೊಡ್ಡ ಸಾಹೇಬ್ರು ಬಂದು ನೋಡಿ ಪಾಸ್ ಮಾಡಬೇಕು. ಮಾಡಲಿಲ್ಲಂದ್ರ ಮುಂದಿನ ಮಳಿಗಾಲಕ್ಕೂ ಅದ ಕೆರಿ. ಇದು ಇಡೀ ಊರಿಗೆ ಗೊತ್ತಿತ್ತು. ಗೊತ್ತಿದ್ದೂ ಹಿಂಗ ಮಾಡಿದ್ರಲ್ಲ, ಅದ ನನ್ನ ಸಂಕಟ.

ಹುರಳಿ

ಗೇಟಂದ್ರ ಬರೇ ಏಳೂ ಬೀಳೂ ಕೋಲಲ್ಲ. ಗಾಡಿ ಜಿಗೀಬಾರ್ದಂತ ಹಳಿ ನಡುವ ದಪ್ಪ ರಬ್ಬರ ಹಾಸು ಕೂಡಸಬೇಕು. ಬಿಸಲಾಗ ಬೆನ್ನು ಸುಟಗೊಂಡು ಕೂಡಸಿದ್ವಿ, ನೆಲ ಕನ್ನಡಿಯಂಗ ಆತು. ಊಟ ಮಾಡಿ ಬರೂದ್ರಾಗ ಒಬ್ಬಾಕಿ ಅಜ್ಜಿ ಅದರ ಮ್ಯಾಲ ಹುರಳಿ ಬಳ್ಳಿ ಹರವಿಬಿಟ್ಟಿದ್ಲು. ನಮ್ಮ ಕಡೆ ಡಾಂಬರ ರಸ್ತೆ ಕಂಡಲ್ಲಿ ಹುರಳಿ ಹಾಕೂದು ರೂಢಿ. ಗಾಡಿ ಹಾದು ಹಾದು ಕಾಳು ಉದುರತಾವ, ಬಡಿಯೂ ಕೆಲಸ ಉಳೀತೈತಿ. ಆದ್ರ ರೈಲ ಹಳಿ ಮ್ಯಾಲ ಹಾಕೂದ?

ನಾ ಒದರ್ಯಾಡಿದೆ. ಇನ್ನೂ ರಸ್ತೆ ಬಿಟ್ಟಿಲ್ಲ, ಒಂದು ಸೈಕಲ್ಲೂ ಬರಂಗಿಲ್ಲ, ಯಾವ ಗಾಡಿ ತುಳೀತೈತಿ ನಿನ್ನ ಹುರಳಿ ಅಂತ ಕೇಳಿದೆ. ಅಜ್ಜಿ ನನ್ನ ಬುದ್ಧಿಗೆ ಮರುಗಿದಂಗ ನೋಡಿದ್ಲು.

"ಹುಬ್ಬಳ್ಳಿ ರೈಲಗಾಡಿ ಬರೂ ಹೊತ್ತಾತಲ್ಲೋ ಯಪ್ಪಾ."

ಆಳುಗಳೆಲ್ಲಾ ಓಡಿ ಬಂದು ಬಳದು ಬದಿಗೆ ಹಾಕಿದ್ವಿ. ಕಾಳು ಮಣ್ಣಪಾಲು ಮಾಡಿದ್ರಿ ಅಂತ ಆಕಿ ನಮಗ ಬೈದ್ಲು.

ಸೀರಿ

ಗೇಟಿನ ಕೋಲು ಹಾಕಿ ಇಳಿಸಿಟ್ಟು ಬಣ್ಣ ಹಚ್ಚಿದ್ವಿ. ಬಣ್ಣ ಆರಿದ್ದ ತಡ, ಓಣಿ ಹೆಣ್ಣಮಕ್ಕಳು ಕೋಲಿನ ತುಂಬ ಸೀರಿ ಒಣ ಹಾಕಿದ್ರು. ಆ ಕಡೆ ಕೋಣ್ಯಾಗಿದ್ದ ಗೇಟಮನ್‌ಗೆ ಏನು ಕಾಣಬೇಕು? ಎತ್ತಿ ನೋಡತೇನಿ ಅಂತ ಹಿಡಿಕಿ ತಿರುಗಿಸಿದ. ಸೀರಿ ಎಲ್ಲಾ ಮುಗಲಿಗೆ ಏರಿದ್ವು. ಇನ್ನ ನನ್ನ ಜನ್ಮ ಜಾಲಾಡ್ತಾರಂತ ತಿಳದು ಇಳಸೋ ಇಳಸೋ ಅಂತ ಕೂಗಾಕತ್ತಿದ್ದೆ. ಒಬ್ಬಾಕಿ ಬಂದು, ಇಳಸಬ್ಯಾಡ್ರಿ ಅಣ್ಣಾ, ಮ್ಯಾಲ ಗಾಳಿ ಛಲೋ ಐತಿ ಅಂದ್ಲು.

ಕಮಾನು

ಈಗ ಹಳಿ ಮ್ಯಾಲೆಲ್ಲಾ ಕರೆಂಟಿನ ತಂತಿ. ಎತ್ತರದ ಲೋಡು ತಂತಿಗೆ ತಾಗಬಾರ್ದಂತ ರಸ್ತೆಗೆ ಎರಡೂ ಕಡೆ ಕಬ್ಬಣದ ಕಮಾನು ನಿಲ್ಲಸ್ತಾರ. ಅದರ ಕೆಳಗ ಹಿಡಿಸಿದ್ರ ಹೋಗಬೇಕು, ಇಲ್ಲಂದ್ರ ಲೋಡು ಇಳಸಬೇಕು. ಊರ ದೊಡ್ಡ ರೈತ ಒಬ್ಬಾವ ಟ್ರ್ಯಾಕ್ಟರಿಗೆ ಹುಲ್ಲು ಹೇರಿಕೊಂಡು ಬಂದ, ಹಿಡಿಸತೈತೋ ಇಲ್ಲೋ ನೋಡಾಕ. ಹಿಡಿಸಲಿಲ್ಲ. ನಮ್ಮೂರಾಗ ಹುಲ್ಲು ಎಷ್ಟ ಎತ್ತರ ಹೇರತೇವಂತ ಕೇಳದ ಹೆಂಗ ಮಾಡಿದ್ರಿ ಅಂತ ನನ್ನ ಮ್ಯಾಲ ಹಾರಾಡಿದ. ಸ್ವಲ್ಪ ಕಮ್ಮಿ ಹೇರ್ರಿ ಅಂದ್ರ ಅದು ಅವನ ಮರ್ಯಾದಿ ಪ್ರಶ್ನೆ ಅಂತ.

ಕಮಾನಿಗೆ ಕೈ ಹಚ್ಚಿದ್ರ ಪೊಲೀಸರಿಗೆ ಹೇಳತೇನಿ ಅಂತ ಖಡಕ್ಕಾಗಿ ಹೇಳಿ, ಬೋಲ್ಟು ತರಾಕ ಶಿಗ್ಗಾಂವಿಗೆ ಹೋದೆ. ತಿರುಗಿ ಬಂದು ನೋಡತೇನಿ, ಕಮಾನು ಹಂಗ ನಿಂತೈತಿ, ಅದರ ಕೆಳಗ ನನ್ನ ಹೊಸಾ ರಸ್ತೆ ಮಣಕಾಲಮಟ ತೆಗ್ಗು ಬಿದ್ದೈತಿ. ಹುಲ್ಲಿನ ಟ್ರ್ಯಾಕ್ಟರು ಆರಾಮ ಪಾರಾಗಿ ಈ ಕಡೆ ನಿಂತಿತ್ತು.

"ನಿಮ್ಮ ಕಬ್ಬಣ ಮುಟ್ಟಿಲ್ರಿ ಮಿಸ್ತ್ರಿ," ಅಂದ ರೈತ. "ನಮ್ಮೂರ ನೆಲ ಅಷ್ಟ ತಗದೇವಿ."

ಸಾಹೇಬ್ರು ಬಂದ ದಿನ

ತೆಗ್ಗು ಮುಚ್ಚಿ, ರೋಲರ್ ಹೊಡಸಿ, ಅಂತೂ ಎಲ್ಲಾ ಸಜ್ಜಾತು. ಗೇಟ ಹಾಕಿದಾಗ ಮಂದಿ ಕೆಳಗ ನುಸುಳಿದ್ದು ಕಂಡ್ರ ದೊಡ್ಡ ಸಾಹೇಬ್ರು ಪಾಸ್ ಮಾಡಂಗಿಲ್ಲ ಅಂತ ಮೊದಲ ಸುದ್ದಿ ಬಂದಿತ್ತು. ನಾ ಊರ ಹಿರ್ಯಾರ ಕೈಕಾಲು ಬಿದ್ದೆ. ಒಂದ ದಿನ ಮಂದೀನ ಹಿಡೀರಿ, ನಿಮ್ಮ ಸಲುವಾಗೆ ಹೇಳಾಕತ್ತೇನಿ ಅಂದೆ. ಹಿರ್ಯಾರು ಡಂಗುರ ಹೊಡಸೇ ಬಿಟ್ರು.

ಸಾಹೇಬ್ರು ಬಂದ್ರು. ಗೇಟಮನ್ ಕೋಣ್ಯಾಗಿನ ಫೋನ್ ನೋಡಿದ್ರು, ಗೇಟಿನ ಬೀಗ ನೋಡಿದ್ರು. ರೈಲು ಬರೂ ಹೊತ್ತಿಗೆ ಗೇಟ ಹಾಕಿದ್ವಿ. ಎರಡೂ ಕಡೆ ಊರ ಮಂದಿ ಸಾಲಾಗಿ ನಿಂತಿದ್ರು, ಒಬ್ಬನೂ ಮಿಸುಕಲಿಲ್ಲ. ನನ್ನ ಕಣ್ಣಾಗ ನೀರು ಬಂತು. ರೈಲು ಹೋತು, ಗೇಟ ಎತ್ತಿದ್ವಿ.

ಆವಾಗೂ ಒಬ್ಬನೂ ಮಿಸುಕಲಿಲ್ಲ!

ಬರ್ರಿ, ದಾಟ್ರಿ ಅಂತ ಕೈ ಮಾಡಿದೆ. ಹಿರ್ಯಾರು ನನಗ ಕಣ್ಣು ಹೊಡದು ಸುಮ್ಮನ ನಿಂತ್ರು. ಸಾಹೇಬ್ರ ಮಾರಿ ಗಂಟಾತು. ದಾಟಾವರ ಇಲ್ಲದ ಮ್ಯಾಲ ಇಲ್ಲಿ ಗೇಟ ಯಾರಿಗೆ ಬೇಕಾಗಿತ್ತು, ಹೀಂಗಂತ ಬರೀತೇನಿ ಅಂತ ಪೆನ್ನು ತಗದ್ರು. ನನಗ ಭೂಮಿ ಬಾಯಿ ಬಿಡಬಾರ್ದೇನು ಅನಿಸಿತು. ಇಷ್ಟು ದಿನ ಹೇಳಿದ್ದು ಒಂದೂ ಕೇಳದಾವ್ರು ಇವತ್ತ ಯಾಕ ಇಷ್ಟು ಕೇಳಬೇಕು?

ಮುಂದಿನ ಸಾಲಿನ್ಯಾಗ ಸವಣೂರ ಚಾಚಾ ಒಬ್ಬಾವ ಮೊಪೆಡ್ಡಿಗೆ ವೀಳ್ಯೇದೆಲಿ ಪೆಂಡಿ ಕಟಗೊಂಡು ನಿಂತಿದ್ದ. ಎಲಿ ಬಾಡಾಕತ್ತಿದ್ವು. ಸಾಹೇಬ್ರು ಅವನ ಹಂತ್ಯಾಕ ಹೋಗಿ, ಗೇಟ ತೆಗದೈತಲ್ಲ, ಯಾಕ ದಾಟವಲ್ಲಿ ಅಂತ ಕೇಳಿದ್ರು.

ಚಾಚಾ ಸುಳ್ಳು ಹೇಳೂ ಮನಿಷ್ಯಾನ ಅಲ್ಲ. "ನೀವು ಇರೂತನಕ ಯಾರೂ ದಾಟಬಾರ್ದಂತ ಹುಕುಂ ಆಗೇತ್ರಿ ಸಾಹೇಬ್ರ," ಅಂದ. "ನೀವು ಲಗೂ ಹೋಗ್ರಿ. ಆಮ್ಯಾಲ ಗೇಟ ಹಾಕಿದ್ರೂ ನಾವು ದಾಟ್ತೇವಿ."

ಹಿರ್ಯಾರು ಮುಗಲ ನೋಡಾಕತ್ರು. ನಾ ತಲಿ ಮ್ಯಾಲ ಕೈ ಹೊತ್ತು ಅಲ್ಲೇ ಕುಂತೆ. ಸಾಹೇಬ್ರು ಅದ ಪೆನ್ನಿಲೆ ಪಾಸ್ ಮಾಡೂ ಕಾಗದಕ್ಕ ಸಹಿ ಹಾಕಿ ನನ್ನ ಕೈಯಾಗ ಕೊಟ್ರು.

"ಈ ಊರಿಗೆ ಗೇಟ ಬೇಕೋ ಬ್ಯಾಡೋ ಅಂತ ನನಗ ಸಂಶಯ ಇತ್ತು ಮಿಸ್ತ್ರಿ. ಈಗಿಲ್ಲ. ಒಂದ ಸಾಕಾಗತೈತೋ ಇಲ್ಲೋ ಅನ್ನೂದಷ್ಟ ಉಳೀತು."