ಸೊರಾಯ್ದಾಳ ಬುದ್ಧಿ ಯಾರದು?

ಸೊರಾಯ್ದಾ ಮಗುವಾಗಿದ್ದಾಗ ತಟ್ಟೆಯಲ್ಲಿದ್ದ ಬೀನ್ಸ್ ಕಾಳನ್ನು ಮೂರು ಮೂರಾಗಿ ಜೋಡಿಸಿಕೊಂಡು ತಿನ್ನುತ್ತಿದ್ದಳು. ಅಷ್ಟೇ. ಆದರೆ ಅವಳಪ್ಪ, ಗೇಟುಗಳಿಗೆ ವೆಲ್ಡಿಂಗ್ ಮಾಡುವ ಎಲೆಯುಟೇರಿಯೊ, ಆ ಕಾಳುಗಳಿಂದ ಮಗಳು ಹುಟ್ಟುತ್ತಲೇ ಲೆಕ್ಕ ಬಲ್ಲವಳೆಂಬ ಒಂದು ಪುರಾಣವನ್ನೇ ಬೆಳೆಸಿದ್ದ. ಮೊದಲ ಸಲ ಹೇಳಿದಾಗ ಕತೆಯಲ್ಲಿನ ಮಗುವಿಗೆ ನಾಲ್ಕು ವರ್ಷ. ಹೇಳುತ್ತ ಹೇಳುತ್ತ ವಯಸ್ಸು ಇಳಿದು, ಮಗಳು ಲಿಮಾದ ಎಂಜಿನಿಯರಿಂಗ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆಯುವ ಹೊತ್ತಿಗೆ ಎಂಟು ತಿಂಗಳಿಗೆ ಬಂದು ನಿಂತಿತ್ತು. (ಹಲ್ಲಿಲ್ಲದ ಮಗು ಕಾಳು ತಿಂದದ್ದು ಹೇಗೆಂದು ಕೇಳುವ ಎದೆಗಾರಿಕೆ ಅವರು ವಾಸವಿದ್ದ ಕೋಮಾಸ್ ಗುಡ್ಡದ ಮೇಲೆ ಯಾರಿಗೂ ಇರಲಿಲ್ಲ.)

ಅಂಥ ಎಲೆಯುಟೇರಿಯೊ ಸೋಮವಾರ ಬೆಳಿಗ್ಗೆ ಬ್ರೆಡ್ಡು ತರಲು ಹೋದವನು ಬರಿಗೈಯಲ್ಲಿ, ಕೆಂಡವಾಗಿ ಮರಳಿದ. ಮಗಳು ಕೋಚಿಂಗಿಗೆ ಹೋಗುತ್ತಿದ್ದ ಅಕಾಡೆಮಿಯ ಮೂರಂತಸ್ತಿನ ಗೋಡೆಯ ಮೇಲೆ ಬ್ಯಾನರಿನಲ್ಲಿ ಅವಳ ಮುಖ, ಕೆಳಗೆ ಆಳೆತ್ತರದ ಅಕ್ಷರ: "ಹುಟ್ಟು ಪ್ರತಿಭೆಯಲ್ಲ, ನಮ್ಮ ತಯಾರಿಕೆ!"

"ತಯಾರಿಕೆಯಂತೆ! ನನ್ನ ಮಗಳೇನು ಸಾಬೂನೇ? ನಡಿಯೇ ಎರ್ಮೆಲಿಂಡಾ! ಸೊರಾಯ್ದಾ, ನೀನೂ ಬಾ. ಆ ಬ್ಯಾನರ್ ಇವತ್ತು ಇಳಿದೇ ಇಳೀಬೇಕು!"

ವೆಲ್ಡಿಂಗ್ ಮುಖವಾಡವನ್ನು ಕಿರೀಟದಂತೆ ತಲೆಯ ಮೇಲೇರಿಸಿ ಅವನು ದಂಡಯಾತ್ರೆ ಹೊರಟ. ಹಿಂದೆ ಹೆಂಡತಿ ಎರ್ಮೆಲಿಂಡಾ. ಅವಳ ಹಿಂದೆ, ಪಾಸಾದವರಿಗೆ ಸಲ್ಲುವ ಸಂಪ್ರದಾಯದಂತೆ ಗೆಳತಿಯರಿಂದ ಮುಂಗುರುಳು ಅಡ್ಡಾದಿಡ್ಡಿ ಕತ್ತರಿಸಿಕೊಂಡಿದ್ದ ಸೊರಾಯ್ದಾ.

ಅಕಾಡೆಮಿಯ ಒಡೆಯ ಬಾಲ್ದೊಮೇರೊ ಮೇಷ್ಟ್ರು ಬಾಗಿಲಲ್ಲೇ ಸಿಕ್ಕರು.

"ಮೇಷ್ಟ್ರೇ, ಆ ಬುದ್ಧಿ ಬಂದಿದ್ದು ನನ್ನ ರಕ್ತದಿಂದ. ಇಳಿಸ್ರೀ ಅದನ್ನ!"

"ರಕ್ತಾನಾ? ಅವಳ ಶಾಲೇಲಿ ಲೆಕ್ಕ ಹೇಳಿಕೊಡ್ತಿದ್ದೋರು ಡ್ರಿಲ್ ಮೇಷ್ಟ್ರು, ಸ್ವಾಮಿ! ನಮ್ಮಲ್ಲಿಗೆ ಬಂದಾಗ ಭಿನ್ನರಾಶಿ ಕಂಡ್ರೆ ಬೆವರ್ತಿದ್ಲು. ಮೂರು ವರ್ಷ ನಮ್ಮ ಬೆಂಚಲ್ಲಿ ಕೂತು ಕಲಿತಿದ್ದು!"

"ಶಾಲೇಲಿ ಸರಿಯಾಗಿ ಕಲಿಸಿದ್ರೆ ನಿಮ್ಮ ಕಟ್ಟಡ ಮೂರಂತಸ್ತು ಏಳ್ತಿರಲಿಲ್ಲ ಬಿಡ್ರಿ!" ಎರ್ಮೆಲಿಂಡಾ ಸಿಡಿದಳು. ಎಲೆಯುಟೇರಿಯೊ ಎದೆಯುಬ್ಬಿಸುವಷ್ಟರಲ್ಲಿ ಅವನತ್ತಲೂ ತಿರುಗಿದಳು: "ನೀವೇನು ಮೀಸೆ ತಿರುವ್ತೀರಿ? ನಿಮ್ಮ ರಕ್ತದಲ್ಲಿ ಸಕ್ಕರೆ ಬಿಟ್ಟು ಬೇರೇನೂ ಇಲ್ಲ ಅಂತ ಡಾಕ್ಟರೇ ಹೇಳಿದಾರೆ!"

"ರಕ್ತ!" "ಬೆಂಚು!" "ಸಕ್ಕರೆ!" ಎಂಬ ರಣಘೋಷಕ್ಕೆ ಬೀದಿಗೆ ಬೀದಿಯೇ ನೆರೆಯಿತು. ಗೆಲುವು ತನ್ನದೇ ಎಂಬ ಧೈರ್ಯದಲ್ಲಿ ಎಲೆಯುಟೇರಿಯೊ ಮಗಳನ್ನು ಮುಂದಕ್ಕೆ ತಳ್ಳಿದ.

"ನೀನೇ ಹೇಳಮ್ಮ, ಎಲ್ಲರ ಮುಂದೆ! ರಕ್ತಾನೋ, ಬೆಂಚೋ?"

ಸೊರಾಯ್ದಾ ಒಮ್ಮೆ ಮೇಷ್ಟ್ರನ್ನು, ಒಮ್ಮೆ ಅಪ್ಪನನ್ನು ನೋಡಿದಳು.

"ಎರಡು ಸಲ ಫೇಲಾದಾಗ್ಲೂ ಅದೇ ರಕ್ತ, ಅದೇ ಬೆಂಚು ಇತ್ತಲ್ಲಪ್ಪ. ಈ ಸಲ ಚಿಕ್ಕಮ್ಮನ ಮನೇಲಿ ಕೂತು ಓದಿದೆ. ಅಲ್ಲಿ ಯಾರೂ ಕೂಗಾಡಲ್ಲ."