ಶಂಭುಲಿಂಗಯ್ಯನ ಲಿಂಕ್ ರಾಡು

ಎಲ್ಲಕ್ಕೂ ಮೂಲ ಒಂದೇ ಮಾತು. ಹೋದ ಸೋಮವಾರ ಕಾರಿನಿಂದ ಇಳಿದು ಕಣ್ಣೊರೆಸಿಕೊಳ್ಳುತ್ತಿದ್ದ ಗಿರಿಜಾಂಬಿಕಾ, ಗಂಡ ಶಂಭುಲಿಂಗಯ್ಯ ಏನಾಯಿತೆಂದು ಕೇಳಿದ್ದಕ್ಕೆ, "ಈ ಕುಲುಕಾಟಕ್ಕೆ ಸೊಂಟ ಹಿಡ್ಕೊಂಡೈತೆ ಕಣ್ರೀ" ಅಂದುಬಿಟ್ಟಿದ್ದಳು.

ಮಗಳು ಇಂಪನಾ ತೀರಿಕೊಂಡು ಎಂಟು ತಿಂಗಳು. ಪ್ರತಿ ಸೋಮವಾರ ಗಂಡಹೆಂಡಿರು ಕಿಬ್ಬನಹಳ್ಳಿಯಿಂದ ದಂಡಿನಶಿವರದ ತೋಟಕ್ಕೆ ಹೋಗಿ ಅವಳ ಸಮಾಧಿಗೆ ಪತ್ರೆ ಏರಿಸಿ ಬರುತ್ತಿದ್ದರು. ಊರೆಲ್ಲ ಅತ್ತಾಗಲೂ ಹನಿ ಹಾಕದವಳು ಇವಳು. ಅಂಥವಳನ್ನು ತನ್ನ ಹಳೇ ಕಾರು ಅಳಿಸಿತಲ್ಲ ಎಂದು ಶಂಭುಲಿಂಗಯ್ಯನಿಗೆ ಅನ್ನ ಸೇರಲಿಲ್ಲ. ಈ ಸೋಮವಾರ ಬೆಳಗಾಗುತ್ತಲೇ ಕಾರನ್ನು ಹುಚ್ಚಣ್ಣನ ವರ್ಕ್‌ಶಾಪಿಗೆ ತಂದ.

"ಹಿಂದಿನ ಚಕ್ರದ ಆಕ್ಸಲ್ ಹಿಡ್ದಿರೋ ಲಿಂಕ್ ರಾಡೆಲ್ಲ ಸವೆದು ಕುಲುಕ್ತಾವೆ, ಹೊಸಾವೇ ಮಾಡ್ಬೇಕು ಯಜಮಾನ್ರೇ" ಎಂದ ಹುಚ್ಚಣ್ಣ. " ತುದೀಗೆ ಬಾಲ್ ಜಾಯಿಂಟ್ ಹಾಕ್ಲಾ, ರಬ್ಬರ್ ಬುಷ್ ಹಾಕ್ಲಾ? ಬಾಲ್ ಜಾಯಿಂಟ್ ಗಟ್ಟಿ, ಸವೆದ್ರೆ ಗಡಗಡ. ರಬ್ಬರು ಮೆತ್ಗೆ, ಸದ್ದಿಲ್ಲ."

ಶಂಭುಲಿಂಗಯ್ಯ ಬಾಯಿ ತೆರೆಯುವ ಮೊದಲೇ ಪಕ್ಕದ ಕೊಬ್ಬರಿ ಮಂಡಿಯಿಂದ ಬಂದು ಕೂತಿದ್ದ ಚಿಕ್ಕರಂಗಯ್ಯ ಹೊಸ ಬಾಲ್ ಜಾಯಿಂಟೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. "ಗುಡುಗುಡು ಅನ್ನಲ್ವಲ್ಲೋ! ಇದಿನ್ನೂ ಒಣಗಿಲ್ಲ ಬುಡು."

"ಕೊಬ್ರಿ ಅಲ್ಲ ಕಣಣ್ಣ!" ಹುಚ್ಚಣ್ಣ ಕಸಿದುಕೊಂಡ. "ಇದು ಗುಡುಗುಡು ಅಂದ್ರೆ ಕೆಟ್ಟೈತೆ ಅಂತ."

"ರಾಡು ಅಲ್ಯೂಮಿನಿಯಂದು ಹಾಕ್ಸಿ, ಹಗುರ" ಎಂದ ಟೀ ತಂದ ಬಾಲರಾಜು.

"ಅದ್ರಾಗೆ ಉಪ್ಪಿಟ್ ಮಾಡಾಣ" ಎಂದು ಹುಚ್ಚಣ್ಣ ರೇಗಿದ. "ದಪ್ಪ ಉಕ್ಕಿನ ಪೈಪು, ರಬ್ಬರ್ ಬುಷ್ಷು. ಸುಮ್ನಿರಿ ಎಲ್ರೂ."

ಅಳತೆಗೆ ಟೇಪು ಹಿಡಿದವನು ಚಿಕ್ಕರಂಗಯ್ಯನೇ. ಒಂದು ರಾಡು ಎರಡು ಬೆರಳು ಗಿಡ್ಡವಾಗಿ, ಕಾರು ಮುನಿಸಿಕೊಂಡ ಎತ್ತಿನಂತೆ ಓರೆಯಾಗಿ ನಡೆಯಿತು. ಬೇರೆ ಪೈಪು ಕೊಯ್ದು ಬೆಸುಗೆ ಹಾಕಿ ಮುಗಿಸುವಷ್ಟರಲ್ಲಿ ಹೊತ್ತು ವಾಲಿತ್ತು.

ಕಾರು ಮನೆ ಮುಂದೆ ಬಂದು ನಿಂತಾಗ ಹೆಂಡತಿ ಎಂದಿನಂತೆ ಪತ್ರೆಯ ಬುಟ್ಟಿಯೊಡನೆ ಹಿಂದಿನ ಸೀಟಿನಲ್ಲಿ ಕೂತಳು. ಕಾರು ಕೆರೆಯ ಮೇಲೆ ತೆಪ್ಪ ಸಾಗಿದಂತೆ ಸಾಗಿತು. ಎರಡು ಮೈಲಿ ಕಳೆಯಿತು. ಹಿಂದಿನಿಂದ ಕುಂಯ್ ಎಂದೊಂದು ಸಣ್ಣ ಸದ್ದು.

'ಬುಷ್ಷು ಕೈಕೊಟ್ಟಿತೇ!' ಶಂಭುಲಿಂಗಯ್ಯ ನಿಧಾನ ಮಾಡಿ ಕಿವಿಗೊಟ್ಟ. ಬುಷ್ಷಲ್ಲ. ಗಿರಿಜಾಂಬಿಕಾ ಬಾಯಿಗೆ ಸೆರಗು ತುರುಕಿಕೊಂಡು ಬಿಕ್ಕುತ್ತಿದ್ದಳು.

"ಸೊಂಟ ಇನ್ನೂ ನೋಯ್ತೈತೇನೇ?"

"ಸೊಂಟಕ್ಕೇನೂ ಆಗಿಲ್ಲ ಕಣ್ರೀ. ಮನೇಲಿ ಅತ್ರೆ ನೀವು ಕುಸಿದು ಹೋಗ್ತೀರಿ ಅಂತ... ವಾರಕ್ಕೊಂದು ದಿನ ಈ ಗಡಗಡದೊಳ್ಗೆ ಅತ್ಕೊಂತಿದ್ದೆ. ನಿಮ್ಗೆ ಕೇಳ್ತಿರ್ಲಿಲ್ಲ."

ಶಂಭುಲಿಂಗಯ್ಯ ಹಿಂತಿರುಗಿ ನೋಡಲಿಲ್ಲ. ಅಂಗೈಯನ್ನು ಹಾರನ್ನಿನ ಮೇಲೆ ಒತ್ತಿ ಹಿಡಿದ; ಆ ಸದ್ದಿನಲ್ಲಿ ಹಿಂದಿನ ಬಿಕ್ಕು ಮುಳುಗಿತು.

ಪಕ್ಕದ ಹೊಲದಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದ ಜುಂಜಯ್ಯ ಬೆಚ್ಚಿ ಕೂಗಿದ: "ರೋಡೆಲ್ಲ ಖಾಲಿ ಐತಲ್ಲ ಸ್ವಾಮೀ, ಯಾರಿಗ್ ಹೊಡೀತೀರಿ ಹಾರನ್ನು?"

ದಂಡಿನಶಿವರ ಬರುವವರೆಗೂ ಶಂಭುಲಿಂಗಯ್ಯ ಕೈ ತೆಗೆಯಲಿಲ್ಲ.